ಬೈರಿಗೆ ಹಿಡಿಯಲು ಕಲಿತ ಮಳೆಗಾಲ

ಹೋದ ತಿಂಗಳು ಹೊನ್ನಾಳಿಯಿಂದ ನ್ಯಾಮತಿ ಮೇಲೆ ಶಿವಮೊಗ್ಗಕ್ಕೆ ಹೊರಟಿದ್ದೆ. ಮಳೆ ಎಷ್ಟು ಜೋರಾಯಿತೆಂದರೆ ಮುಂದಿನ ರಸ್ತೆಯೇ ಕಾಣಲಿಲ್ಲ. ನ್ಯಾಮತಿಯಲ್ಲಿ ಕಾರು ಪಕ್ಕಕ್ಕೆ ಹಾಕಿ, ಓಡಿಹೋಗಿ ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ನಿಂತೆ. ಫಿನೈಲು, ಒದ್ದೆ ಕೊಡೆಗಳು, ಬಿಚ್ಚಿ ಬಿಸಾಡಿದ ಬ್ಯಾಂಡೇಜು ಎಲ್ಲ ಸೇರಿದ ವಾಸನೆಯೊಂದು ಮೂಗಿಗೆ ಬಡಿಯಿತು. ಹಳೆಯ ವಾಸನೆ ಬಂದರೆ ಕೆಲವರಿಗೆ ಕಣ್ಣು ತುಂಬಿ ಬರುತ್ತದಂತೆ. ನನಗೆ ಪಿತ್ತ ನೆತ್ತಿಗೇರಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು "ಯಾಕವ್ವಾ, ಮೈಯಾಗೆ ಹುಷಾರಿಲ್ಲೇನು?" ಎಂದು ಕೇಳುವಷ್ಟು ನನ್ನ ಮುಖ ಕೆಟ್ಟಿತ್ತು.

ಆ ವರಾಂಡದ ಕೊನೆಯ ಕೋಣೆಯಲ್ಲಿ ಒಂದು ಮಳೆಗಾಲ ಪೂರ್ತಿ ಪ್ರತಿ ಬುಧವಾರ ನಾನು ಕೂತಿದ್ದೆ. ಮೆದುಳಿನ ಶಸ್ತ್ರಚಿಕಿತ್ಸೆ ಕಲಿಯುವ ಮೂರು ವರ್ಷದ ಓದಿನಲ್ಲಿ ಅದು ನನ್ನ ಎರಡನೆಯ ವರ್ಷ. 'ಕಲಿಯುವ' ಎಂದು ಬರೆಯುವಾಗಲೇ ಮೈ ಉರಿಯುತ್ತದೆ. ಕಲಿಸುವವರು ಇದ್ದರಲ್ಲವೇ ಕಲಿಯುವುದು? ನಾನು ಓದಿದ ಕಾಲೇಜು ಬೇರೆ ಊರಿನದು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದೇ ಕಾಲೇಜಿನ ಕತೆ ಎಂದುಕೊಂಡು ಉಳಿದವರೆಲ್ಲ ನೆಮ್ಮದಿಯಾಗಿರುತ್ತಾರೆ.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ರೆಸಿಡೆಂಟುಗಳು, ಅಂದರೆ ಆಸ್ಪತ್ರೆಯಲ್ಲೇ ಬಿದ್ದುಕೊಂಡು ದುಡಿಯುತ್ತ ಕಲಿಯುವ ವೈದ್ಯರು, 'ದೊಡ್ಡ ಸರ್' ಎನ್ನುತ್ತಿದ್ದೆವು. ಅವರ ಕೈ ಬಹಳ ಒಳ್ಳೆಯದು. ಅದರ ಬಗ್ಗೆ ಸುಳ್ಳು ಹೇಳಲಾರೆ. ಬೇರೆ ಆಸ್ಪತ್ರೆಗಳಲ್ಲಿ ಆಗುವುದಿಲ್ಲ ಎಂದು ಕಳಿಸಿದ ರೋಗಿಗಳನ್ನು ಅವರು ನಡೆಸಿ ಮನೆಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಆದರೆ ಆ ಕೈಯಲ್ಲಿದ್ದದ್ದನ್ನು ಇನ್ನೊಂದು ಕೈಗೆ ದಾಟಿಸುವ ಮಾತು ಬಂದಾಗ ಅವರ ಪಾಠ ಎರಡೇ ಪದದ್ದು. "ನೋಡು, ಕಲಿ." ನೋಡೋಣವೆಂದರೆ ನೋಡಬೇಕಾದ ಜಾಗದಲ್ಲಿ ಅವರ ಭುಜವೇ ಇರುತ್ತಿತ್ತು. ಯಾಕೆ ಸರ್, ಹೇಗೆ ಸರ್ ಎಂದು ಕೇಳಿದರೆ ಚಿಮುಟದ ಹಿಂಭಾಗದಿಂದ ಬೆರಳ ಗೆಣ್ಣಿಗೆ ಒಂದು ಏಟು ಬೀಳುತ್ತಿತ್ತು. ಬೆಳಗಿನ ರೌಂಡ್ಸಿನಲ್ಲಿ ಉತ್ತರ ತಡವಾದರೆ ರೋಗಿಯ ಎದುರಿಗೇ, "ನಿನಗೆ ಡಿಗ್ರಿ ಕೊಟ್ಟವರು ಯಾರಮ್ಮಾ? ಅವರನ್ನ ಕರ್ಕೊಂಡು ಬಾ, ಮೊದಲು ಅವರಿಗೆ ಆಪರೇಷನ್ ಮಾಡ್ತೀನಿ" ಎನ್ನುತ್ತಿದ್ದರು. ನಾವು ನಗಬೇಕು. ನಗುತ್ತಿದ್ದೆವು. ತಲೆಗೆ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದ ರೋಗಿಗಳೂ ಪಾಪ ನಗುತ್ತಿದ್ದರು. ಯಾರಾದರೂ ಬೇಸರ ತೋರಿಸಿದರೆ ದೊಡ್ಡ ಸರ್ ಬಳಿ ಸಮಾಧಾನದ ಮಾತು ಸಿದ್ಧವಿರುತ್ತಿತ್ತು. "ನಾನೂ ಹಿಂಗೇ ಕಲಿತಿದ್ದು ಕಣ್ರಮ್ಮಾ."

ತಲೆಬುರುಡೆಯಲ್ಲಿ ತೂತು ಕೊರೆಯುವ ಒಂದು ಉಪಕರಣವಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಏನೇನೋ ಹೆಸರು. ಆದರೆ ಹೊನ್ನಾಳಿಯ ಬಡಗಿಯ ಮಗಳಾದ ನನಗೆ ಅದನ್ನು ನೋಡಿದ ಮೊದಲ ದಿನವೇ ಗೊತ್ತಾಯಿತು, ಇದು ನಮ್ಮ ಅಂಗಡಿಯ ಬೈರಿಗೆ. ಒಂದು ಕೈಯಲ್ಲಿ ಮೇಲಿನ ಗುಬುಟು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನಡುವಿನ ಹಿಡಿ ತಿರುಗಿಸುವ ಅದೇ ಬೈರಿಗೆ, ಸ್ಟೀಲಿನದು ಅಷ್ಟೇ. ಕರೆಂಟಿನದೂ ಒಂದಿತ್ತು. ಅದು ಸದಾ ರಿಪೇರಿಯಲ್ಲಿರುತ್ತಿತ್ತು. ಒಂದೂವರೆ ವರ್ಷ ನಾನು ಆ ಬೈರಿಗೆಯನ್ನು ತೊಳೆದಿದ್ದೆ, ಒರೆಸಿದ್ದೆ, ಲೆಕ್ಕವಿಲ್ಲದಷ್ಟು ಸಲ ಸರ್ ಕೈಗೆ ಕೊಟ್ಟಿದ್ದೆ. ಒಮ್ಮೆಯೂ ತಿರುಗಿಸಿರಲಿಲ್ಲ.

ಜೂನ್ ತಿಂಗಳಲ್ಲಿ ರತ್ನಮ್ಮ ಬಂದರು. ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಲ್ಲಿ ಅಂಗನವಾಡಿ ಟೀಚರ್. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಗಂಡನ ಬೈಕಿನ ಹಿಂದೆ ಕೂತು ಹೋಗುವಾಗ ರಸ್ತೆಯ ಹಂಪಿನಲ್ಲಿ ಹಾರಿ ಬಿದ್ದಿದ್ದರು. ಆಗ ಏನೂ ಆಗಲಿಲ್ಲ ಎಂದುಕೊಂಡು ಎದ್ದು ಸೀರೆ ಕೊಡವಿಕೊಂಡು ಮನೆಗೆ ಹೋದವರಿಗೆ ಕೆಲವು ವಾರಗಳಲ್ಲಿ ತಲೆನೋವು ಶುರುವಾಗಿ, ಬಲಗಾಲು ಎಳೆಯತೊಡಗಿತ್ತು. ಸ್ಕ್ಯಾನಿನಲ್ಲಿ ಎಡಗಡೆ ಬುರುಡೆಗೂ ಮೆದುಳಿಗೂ ನಡುವೆ ಹಳೆಯ ರಕ್ತ ನಿಂತದ್ದು ಕಾಣಿಸಿತು. ನಮ್ಮ ಕಸುಬಿನಲ್ಲಿ ಇದಕ್ಕಿಂತ ಸಣ್ಣ ಆಪರೇಷನ್ ಇಲ್ಲ. ಎರಡು ತೂತು ಕೊರೆದು ಒಳಗಿನ ರಕ್ತ ತೊಳೆದು ತೆಗೆದರೆ ಮುಗಿಯಿತು, ಮಾರನೆಯ ದಿನ ರೋಗಿ ಎದ್ದು ಕೂತು ಕಾಫಿ ಕೇಳುತ್ತಾರೆ.

ಆಪರೇಷನ್ ದಿನ ಬೆಳಿಗ್ಗೆ ಅವರ ತಲೆ ಬೋಳಿಸಿ ಗುರುತು ಹಾಕುತ್ತಿದ್ದಾಗ ರತ್ನಮ್ಮ ನನ್ನನ್ನೇ ನೋಡುತ್ತಿದ್ದರು. "ಕೈ ನಡುಗ್ತೈತಲ್ಲ ಡಾಕ್ಟ್ರಮ್ಮ, ತಿಂಡಿ ತಿಂದೀರಿಲ್ಲೋ? ನಮ್ಮ ಅಂಗನವಾಡಿ ಮಕ್ಕಳೂ ಹಿಂಗೇ, ತಿನ್ನದೆ ಬಂದ್ರೆ ಬಳಪ ಹಿಡಿಯಾಕೆ ಬರಲ್ಲ" ಎಂದರು. ತಿಂದಿರಲಿಲ್ಲ. ಅದನ್ನು ಕೇಳಿದವರು ಆ ಆಸ್ಪತ್ರೆಯಲ್ಲಿ ಅವರೊಬ್ಬರೇ.

ಸರ್ ಮೊದಲನೆಯ ತೂತು ತಾವೇ ಕೊರೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಗೋಡೆಯ ಗಡಿಯಾರ ನೋಡಿದರು. ಅವರ ಫೋನು ಹೊರಗೆ ಎರಡು ಸಲ ಹೊಡೆದುಕೊಂಡಿತ್ತು. ಬೈರಿಗೆಯನ್ನು ನನ್ನ ಕಡೆ ಚಾಚಿ, "ನೋಡಿದೆಯಲ್ಲ? ಎರಡನೇದು ನೀನು ಮಾಡು" ಎಂದು ಗ್ಲೌಸ್ ಕಳಚಿ ಹೊರಟರು. "ಸರ್, ನೀವು..." ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಎರಡನೆಯ ತೂತು ಕಿವಿಯ ಮೇಲ್ಭಾಗದಲ್ಲಿ. ಅಲ್ಲಿ ಮೂಳೆ ತೆಳ್ಳಗೆ. ಪುಸ್ತಕದಲ್ಲಿ ಓದಿದ್ದೆ, ಹತ್ತು ಪರೀಕ್ಷೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಪುಸ್ತಕ ಓದಿದ್ದು ತಲೆ. ಬೈರಿಗೆ ಹಿಡಿದದ್ದು ಕೈ. ಎಷ್ಟು ಭಾರ ಹಾಕಬೇಕು, ಎಲ್ಲಿ ಭಾರ ತೆಗೆಯಬೇಕು ಎಂಬುದು ಆ ಕೈಗೆ ಗೊತ್ತಿರಲಿಲ್ಲ. ಬೈರಿಗೆ ಒಮ್ಮೆಲೇ ಹಗುರಾಯಿತು. ಬೆರಳಿನ ಒಂದು ಗೆಣ್ಣಿನಷ್ಟು ಒಳಗೆ ಹೋಗಿತ್ತು. ಅಲ್ಲಿ ಒಳಗಿರುವುದು ಮಾತಿನ ಜಾಗ.

ಮಾರನೆಯ ದಿನ ರತ್ನಮ್ಮ ಎದ್ದು ಕೂತರು. ಕಾಫಿ ಕೇಳಲಿಲ್ಲ. ಅವರ ಬಾಯಲ್ಲಿ ಉಳಿದದ್ದು ಒಂದೇ ಒಂದು ಮಾತು. "ಆತು." ನೋಯ್ತಿದೆಯಾ ಎಂದರೆ ಆತು. ನೋಯುತ್ತಿಲ್ಲವಾ ಎಂದರೂ ಆತು. ಹೆಸರು ಕೇಳಿದರೆ ನನ್ನ ಮುಖ ನೋಡಿ, ಹುಡುಕಿ ಹುಡುಕಿ, ಕಡೆಗೆ ಅದನ್ನೇ ಹೇಳಿ ಅತ್ತುಬಿಟ್ಟರು. ಬಲಗೈ ಬೆರಳುಗಳು ಮಡಚಿಕೊಂಡಿದ್ದವು.

ಸರ್ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಅರ್ಧ ಗಂಟೆ ಬೈದರು. "ಕೈಯಾ ಅದು, ಒನಕೆಯಾ? ಭತ್ತ ಕುಟ್ಟಾಕೆ ಬಂದಿದೀಯಾ?" ವಾರ್ಡ್ ಬಾಯ್‌ಗಳು, ನರ್ಸುಗಳು, ಕಿರಿಯರು, ಎಲ್ಲರೂ ಕೇಳಿಸಿಕೊಂಡರು. ಬೈಗುಳ ನನಗೆ ಬೇಕಾಗಿತ್ತು ಎಂದೇ ಇವತ್ತಿಗೂ ಅಂದುಕೊಳ್ಳುತ್ತೇನೆ. ಆದರೆ ಅದು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದೆ. "ಸರ್, ಎಲ್ಲಿ ನಿಲ್ಲಿಸಬೇಕು ಅಂತ ಕೈಗೆ ಹೇಗೆ ಗೊತ್ತಾಗುತ್ತೆ?" ಅವರು ಇಡೀ ವಿಭಾಗಕ್ಕೆ ಕೇಳುವಂತೆ ನಕ್ಕರು. "ಅದನ್ನೂ ಬಾಯಿಬಿಟ್ಟು ಹೇಳಬೇಕಾ?" ಆಮೇಲೆ ದನಿ ತಗ್ಗಿಸಿ, ರೋಗದಿಂದಲೇ ಮಾತು ಹೋಗಿದೆ ಎಂದು ಕೇಸ್ ಶೀಟಿನಲ್ಲಿ ಬರೆಯಲು ಹೇಳಿದರು.

ಬರೆದೆ. ಅಕ್ಷರ ನನ್ನದು, ಸಹಿ ನನ್ನದು. ಈ ಸಿಟ್ಟಿನಲ್ಲಿ ನನ್ನ ಪಾಲನ್ನು ನಾನು ಬೇರೆ ಯಾರ ಮೇಲೂ ಹಾಕುವುದಿಲ್ಲ.

ಶಿಕ್ಷೆಯಾಗಿ ನನ್ನನ್ನು ತಾಲ್ಲೂಕು ಸುತ್ತಲು ಕಳಿಸಿದರು. ನಮ್ಮ ಕಾಲೇಜಿನಲ್ಲಿ ಆಪರೇಷನ್ ಆದವರನ್ನು ಅವರವರ ಊರಿನ ಹತ್ತಿರವೇ ನೋಡುವ ವ್ಯವಸ್ಥೆಯೊಂದಿತ್ತು. ಸೋಮವಾರ ಚನ್ನಗಿರಿ, ಮಂಗಳವಾರ ಜಗಳೂರು, ಬುಧವಾರ ನ್ಯಾಮತಿ, ಗುರುವಾರ ಹೊನ್ನಾಳಿ. ಯಾರೂ ಹೋಗಲು ಒಪ್ಪದ ಕೆಲಸ. "ಹೋಗಿ ಹೊಲಿಗೆ ಬಿಚ್ಚು. ಅದಾದರೂ ಬರುತ್ತಾ ನೋಡೋಣ" ಎಂದರು ಸರ್. ಶುಕ್ರವಾರ ಮಾತ್ರ ಕಾಲೇಜಿಗೆ ಬರಬೇಕಿತ್ತು. ಅದು ಆಪರೇಷನ್ ದಿನ, ಹಿಡಿದುಕೊಂಡು ನಿಲ್ಲಲು ಕೈಗಳು ಬೇಕಲ್ಲ.

ಹಾಗಾಗಿ ಆ ಮಳೆಗಾಲ ನಾನು ಹೊನ್ನಾಳಿಯ ನಮ್ಮ ಮನೆಯಲ್ಲೇ ಇದ್ದು ಬಸ್ಸಿನಲ್ಲಿ ಓಡಾಡಿದೆ. ಚನ್ನಗಿರಿಯಲ್ಲಿ ಮಳೆಗೆ ಜಾರುವ ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಅಲ್ಲಿ ನೆನೆದ ಚಪ್ಪಲಿ ಮಾರನೆಯ ದಿನ ಜಗಳೂರಿಗೆ ಹೋಗುವಷ್ಟರಲ್ಲಿ ಕಾಲಲ್ಲೇ ಒಣಗುತ್ತಿತ್ತು. ಮೋಡ ಅಲ್ಲಿ ಬರೀ ಹಾದುಹೋಗುತ್ತಿತ್ತು. ಬೈಕಿನಿಂದ ಬಿದ್ದವರೇ ಅಲ್ಲಿ ಜಾಸ್ತಿ, ಹೆಲ್ಮೆಟ್ಟು ಮನೆಯಲ್ಲಿ ಮೊಳೆಗೆ ನೇತುಹಾಕಿ ಬಂದವರು. ಹೊನ್ನಾಳಿಯಲ್ಲಿ ಹೊಳೆ ತುಂಬಿ, ಸೇತುವೆಯ ಮೇಲೆ ಜನ ನಿಂತು ನೀರು ನೋಡುತ್ತಿದ್ದರು. ಸಾಸ್ವೆಹಳ್ಳಿ ಕಡೆಯಿಂದ ನಾಟಿ ಬಿಟ್ಟು ಬಂದವರು "ಬ್ಯಾಗ ನೋಡ್ರಿ ಮೇಡಂ, ಆಳುಗಳು ಕಾಯ್ತಾರೆ" ಎಂದು ಅವಸರ ಮಾಡುತ್ತಿದ್ದರು. ಕಾಲೇಜಿನಲ್ಲಿ ನಾವು ತಲೆಗಳನ್ನು ಮಾತ್ರ ನೋಡುತ್ತಿದ್ದೆವು. ಇಲ್ಲಿ ಆ ತಲೆಗಳು ಚೀಲ ಹಿಡಿದುಕೊಂಡು, ಮೊಮ್ಮಕ್ಕಳನ್ನು ಗದರುತ್ತ ಒಳಗೆ ಬರುತ್ತಿದ್ದವು. ಕೆಲವು ತಲೆಗಳ ಮೇಲಿನ ಗಾಯದ ಗುರುತಿನಲ್ಲಿ ಯಾವ ವರ್ಷದ ರೆಸಿಡೆಂಟು ಕಲಿತಿದ್ದಾನೆ ಎಂದು ನಾನು ಗುರುತಿಸಬಲ್ಲವಳಾದೆ. ಅದು ನನಗೆ ಹೆಮ್ಮೆಯ ವಿಷಯವಲ್ಲ.

ನ್ಯಾಮತಿಯ ಮೊದಲ ಬುಧವಾರವೇ ರತ್ನಮ್ಮ ಬಂದರು. ಜೊತೆಗೆ ಗಂಡ ಹಾಲೇಶಪ್ಪ, ಊರಿನ ಹಾಲಿನ ಡೈರಿಯಲ್ಲಿ ಕೆಲಸ ಮಾಡುವವರು. ಅವರ ಕೈಯಲ್ಲಿ ಸುರುಳಿ ಸುತ್ತಿದ ಚಿತ್ರಪಟವೊಂದಿತ್ತು, ಅಂಗನವಾಡಿಯ ಗೋಡೆಯಿಂದ ಬಿಚ್ಚಿ ತಂದದ್ದು. ಅದನ್ನು ನನ್ನ ಮೇಜಿನ ಮೇಲೆ ಹರಡಿ, ಹಸುವಿನ ಮೇಲೆ ಬೆರಳಿಟ್ಟು, "ಇದೇನು ಹೇಳು ನೋಡಾನ" ಎಂದರು. ರತ್ನಮ್ಮನ ತುಟಿ ಒಂದಷ್ಟು ಹೊತ್ತು ಅಲುಗಿತು. "ಆತು." "ಇದು?" "ಆತು." ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪಟವನ್ನು ಊರ ಮಕ್ಕಳಿಗೆ ತೋರಿಸಿದ ಹೆಂಗಸು.

"ದಿನಾ ಕೂರಿಸ್ಕಂಡು ಹೇಳಿಕೊಡ್ತೀನ್ರಿ. ಹೆದರಬ್ಯಾಡ್ರಿ, ಬರ್ತೈತೆ" ಎಂದು ಹಾಲೇಶಪ್ಪ ನನಗೇ ಧೈರ್ಯ ಹೇಳಿದರು. "ಜೀವ ಉಳಿಸಿದ್ರಲ್ಲ, ಅದೇ ದೊಡ್ಡದು. ನೀವಿಲ್ಲಾಂದ್ರೆ ಇವಳನ್ನ ಕಳ್ಕಂತಿದ್ವಿ." ಬಾಟಲಿಯಲ್ಲಿ ಮಜ್ಜಿಗೆ ತಂದಿದ್ದರು. ಕೊತ್ತಂಬರಿ, ಶುಂಠಿ ಹಾಕಿದ ಮಜ್ಜಿಗೆ. ಅವರ ಎದುರಿಗೇ ಕುಡಿದೆ. ಪ್ರತಿ ಬುಧವಾರ ತಂದರು, ಪ್ರತಿ ಬುಧವಾರ ಕುಡಿದೆ. ಹೇಳಿಬಿಡಬೇಕೆಂದು ಬಾಯಿ ತೆರೆದಾಗಲೆಲ್ಲ ಪರೀಕ್ಷೆಯ ಅರ್ಜಿಗೆ ಸಹಿ ಹಾಕುವ ದೊಡ್ಡ ಸರ್ ಕೈ ನೆನಪಾಗಿ ಬಾಯಿ ಮುಚ್ಚುತ್ತಿತ್ತು. ಅವರ ಸಹಿ ಇಲ್ಲದಿದ್ದರೆ ನಾನು ಪರೀಕ್ಷೆಗೆ ಕೂರುವಂತಿರಲಿಲ್ಲ.

ಅಂಥದ್ದೊಂದು ಬುಧವಾರ ಸಂಜೆ ಮನೆಗೆ ಬಂದವಳು ಊಟದ ತಟ್ಟೆಯನ್ನು ಗೋಡೆಗೆ ಎಸೆದೆ. ಅಮ್ಮಿ ಅನ್ನ ಗುಡಿಸಿದಳು. ಅಬ್ಬಾ ನನ್ನನ್ನು ಪಕ್ಕದಲ್ಲೇ ಇದ್ದ ಅಂಗಡಿಗೆ ಕರೆದುಕೊಂಡು ಹೋದ. ಮನೆಯಲ್ಲಿ ನಮ್ಮದು ಉರ್ದು. ಅಂಗಡಿಗೆ ಕಾಲಿಟ್ಟರೆ ಅಬ್ಬಾನ ಮಾತು ಕನ್ನಡಕ್ಕೆ ತಿರುಗುತ್ತದೆ, ಕೆಲಸದ ಮಾತಾದರೆ ನನ್ನ ಜೊತೆಗೂ ಅಷ್ಟೇ. ಬಾಗಿಲ ಚೌಕಟ್ಟಿನ ಮೇಲೆ ಕೂತು ಎಲ್ಲ ಹೇಳಿದೆ. ಅಬ್ಬಾ ಕೇಳಿದ್ದು ಒಂದೇ.

"ಆವಾಗ ನಿಮ್ಮ ಉಸ್ತಾದ್ ಎಲ್ಲಿದ್ರು?"

"ಹೊರಗೆ ಹೋಗಿದ್ರು."

"ಹೊರಗೆ ಅಂದ್ರೆ?"

"ಕೋಣೆಯಿಂದ ಹೊರಗೆ, ಅಬ್ಬಾ."

ಅಬ್ಬಾನಿಗೆ ಅದು ಅರ್ಥವೇ ಆಗಲಿಲ್ಲ. ನಾನು ಏನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ಮುಖ ನೋಡಿದ. ಆಮೇಲೆ ತನ್ನ ಎಡಗೈ ಅಂಗೈಯನ್ನು ಬೆಳಕಿಗೆ ಹಿಡಿದ. ಚಿಕ್ಕಂದಿನಿಂದ ನೋಡಿದ ಅಂಗೈ. ಅದರ ತುಂಬ ಎಳ್ಳು ಚೆಲ್ಲಿದಂತೆ ಸಣ್ಣ ಸಣ್ಣ ಗುರುತುಗಳಿವೆ. ಕೆಲಸ ಮಾಡುವವರ ಕೈ ಹಾಗೇ ಇರುತ್ತದೆ ಎಂದುಕೊಂಡಿದ್ದೆ, ಎಂದೂ ಕೇಳಿರಲಿಲ್ಲ.

"ಹೊಸಬರು ಬಂದ್ರೆ ಒಂದು ವರ್ಷ ಅವರಿಗೆ ಗಿರಾಕಿ ಮರ ಮುಟ್ಟಾಕೆ ಬಿಡಲ್ಲ. ಮಾವಿನ ಹಲಗೆ ಚೂರು ಕೊಡ್ತೀನಿ, ಎಷ್ಟು ಬೇಕಾದ್ರೂ ಹಾಳು ಮಾಡ್ಲಿ. ಬೈರಿಗೆ ಕೊಡೋ ದಿನ ಹಲಗೆ ಕೆಳಗೆ ನನ್ನ ಅಂಗೈ ಇಡ್ತೀನಿ. ಮೊನೆ ಆಚೆ ಬಂದ್ರೆ ನನಗೆ ಚುಚ್ತೈತೆ. ಅವನಿಗೂ ಗೊತ್ತಿರ್ತೈತೆ, ಕೆಳಗೆ ಉಸ್ತಾದ್ ಕೈ ಐತೆ ಅಂತ. ಕೈ ತಾನೇ ನಿಧಾನ ಆಗ್ತೈತೆ. ನಮ್ಮ ಉಸ್ತಾದ್ ನನಗೆ ಹಿಂಗೇ ಇಟ್ಟಿದ್ರು."

ಗೆಣ್ಣಿಗೆ ಹೊಡೆಸಿಕೊಂಡಾಗ ಬಾರದ ಅಳು ಆಗ ಬಂತು. ದುಃಖದ್ದಲ್ಲ. ಶುದ್ಧ ಹೊಟ್ಟೆಯುರಿ. ಏಳನೇ ಕ್ಲಾಸು ಬಿಟ್ಟ ಮನುಷ್ಯ ಒಂದು ಬಾಗಿಲ ಕೀಲಿನ ತೂತಿಗೆ ಇಷ್ಟು ಯೋಚನೆ ಮಾಡಿದ್ದ. ಗೋಡೆ ತುಂಬ ಸರ್ಟಿಫಿಕೇಟು ನೇತುಹಾಕಿಕೊಂಡವರು ಮನುಷ್ಯರ ತಲೆಗೆ ಅಷ್ಟೂ ಮಾಡಿರಲಿಲ್ಲ. ತೇಗ ಹಾಳಾದರೆ ಗಿರಾಕಿ ಜಗಳಕ್ಕೆ ಬರುತ್ತಾನೆ. ಗೋವಿನಕೋವಿಯಿಂದ ಬರುವವರು ಮಜ್ಜಿಗೆ ತರುತ್ತಾರೆ. ವ್ಯತ್ಯಾಸ ಅಷ್ಟೇ.

ಆ ಭಾನುವಾರ ಅಬ್ಬಾ ಮಟನ್ ಅಂಗಡಿಯಿಂದ ಎರಡು ಆಡಿನ ತಲೆ ತಂದ. "ಸುಟ್ಟು ಕೊಡ್ಲಾ ಬಶೀರಣ್ಣ?" ಎಂದು ಅಂಗಡಿಯವನು ಕೇಳಿದನಂತೆ. "ಬ್ಯಾಡ, ಮಗಳು ಓದಾಕೆ" ಎಂದನಂತೆ ಅಬ್ಬಾ. ಮೊದಲನೆಯ ತಲೆಯ ಮೇಲೆ ನಾನು ಅಂಗಡಿಯ ಬೈರಿಗೆ ಇಟ್ಟು ತಿರುಗಿಸಿದೆ. ರತ್ನಮ್ಮನಿಗೆ ಆದದ್ದೇ ಆಯಿತು. ಒಮ್ಮೆಲೇ ಒಳಗೆ ಹೋಯಿತು. ಅಬ್ಬಾ ಆ ತೂತಿನೊಳಗೆ ಮೊಳೆ ಇಳಿಸಿ ಆಳ ನೋಡಿದ. ಎರಡನೆಯ ತಲೆಯ ಹಿಂಭಾಗವನ್ನು ಗರಗಸದಿಂದ ಕೊಯ್ದು, ಒಳಗಿನ ಮೆದುಳನ್ನು ಬಿಡಿಸಿ ತಟ್ಟೆಗೆ ಹಾಕಿದ. ಅಮ್ಮಿ ಅದನ್ನು ಹುರಿಯಲು ಒಳಗೆ ಒಯ್ದಳು. ಖಾಲಿಯಾದ ಬುರುಡೆಯೊಳಗೆ ಅಬ್ಬಾ ತನ್ನ ತೋರುಬೆರಳು ತೂರಿಸಿದ. ಮೆದುಳು ಇರಬೇಕಾದ ಜಾಗದಲ್ಲಿ, ಮೂಳೆಯ ಕೆಳಗೆ, ಬೆರಳ ತುದಿ ಒತ್ತಿ ಹಿಡಿದ.

"ಈಗ ಕೊರಿ."

"ಬೇಡ ಅಬ್ಬಾ."

"ಕೊರಿ ಬೇಟಿ. ನನ್ನ ಬೆರಳು ನನಗೆ ಬೇಕು. ನೀನು ನಿಲ್ಲಿಸ್ತೀಯ."

ಮೊದಲ ಸಲ ಬೆರಳಿಗೆ ತಾಗಿತು, ರಕ್ತ ಬಂತು. ಒರೆಸಿಕೊಂಡು ಮತ್ತೆ ಇಟ್ಟ. ಬೈಯಲಿಲ್ಲ. ಬರೀ ಮಾತಾಡುತ್ತ ಹೋದ. ಮೇಲಿನ ಪದರದಲ್ಲಿ ಸದ್ದು ಒಂದು ಥರ ಇರ್ತೈತೆ, ನಡುವೆ ಮೆತ್ತಗಾಗ್ತೈತೆ, ಕೆಳಗಿನ ಪದರಕ್ಕೆ ಬಂದಾಗ ಮತ್ತೆ ಗಟ್ಟಿ ಸದ್ದು, ಅಲ್ಲಿಂದ ಮೇಲಿನ ಕೈ ಭಾರ ತೆಗಿ, ಮೊನೆ ಒಂಚೂರು ಕಚ್ಚಿಕೊಂಡಂಗೆ ಆಗ್ತೈತೆ ನೋಡು, ಅದೇ ಬಾಗಿಲು, ಅಲ್ಲೇ ನಿಲ್ಲಿಸು. ಕಾರಿಡಾರಿನಲ್ಲಿ ನಾನು ಕೇಳಿದ ಪ್ರಶ್ನೆಗೆ ಇದು ಉತ್ತರ. ಅಷ್ಟೇ ಇತ್ತು. ಒಂದು ಉಸಿರಿನಲ್ಲಿ ಹೇಳಿಬಿಡಬಹುದಾದಷ್ಟು.

ಅವತ್ತಿನಿಂದ ದಿನಾ ಸಂಜೆ ಬಸ್ ಇಳಿದವಳು ಮನೆಗೆ ಹೋಗುವ ಮೊದಲು ಅಂಗಡಿಗೆ ಹೋಗುತ್ತಿದ್ದೆ. ಎರಡನೆಯ ವಾರ ಅಬ್ಬಾನ ಬೆರಳಿಗೆ ಒಮ್ಮೆ ತಾಗಿತು. ಆಮೇಲೆ ತಾಗಲಿಲ್ಲ. ಎಳೆಯ ಆಡಿನ ಮೂಳೆ, ಬಲಿತ ಹೋತದ ಮೂಳೆ, ಕೊಂಬಿನ ಹಿಂಭಾಗದ ತೆಳ್ಳನೆ ಜಾಗ, ಎಲ್ಲ ಕೊರೆದೆ. ಆರನೆಯ ವಾರ ಅಬ್ಬಾ ಕಣ್ಣು ಮುಚ್ಚಿ ಕೊರೆಯಲು ಹೇಳಿದ. ಮೊನೆ ಕಚ್ಚಿಕೊಂಡಿತು. ಕೈ ನಿಂತಿತು. ಅಬ್ಬಾ ಬೆರಳು ಹೊರತೆಗೆದು, ಮಗ್ಗುಲು ತಿರುಗಿಸಿ ನೋಡಿ, "ಸಾಕು, ಇನ್ನು ಹೋಗು" ಎಂದ.

ಆ ವಾರದ ಶುಕ್ರವಾರ ಜಗಳೂರಿನ ಹಿಟ್ಟಿನ ಗಿರಣಿಯವರೊಬ್ಬರು ಮೇಜಿನ ಮೇಲಿದ್ದರು. ರತ್ನಮ್ಮನದೇ ಕಾಯಿಲೆ, ಅದೇ ಎಡಗಡೆ. ಅದೇ ಬೈರಿಗೆ. ದೊಡ್ಡ ಸರ್ ಅವತ್ತೂ ಮೊದಲನೆಯ ತೂತು ಕೊರೆದು, ಅದೇ ಗಡಿಯಾರ ನೋಡಿ, "ಈ ಸಲವಾದರೂ ಕಣ್ಣು ಬಿಟ್ಕೊಂಡು ಮಾಡು" ಎಂದು ಹೊರಟರು. ನಾನು ಸದ್ದು ಕೇಳಿಸಿಕೊಂಡು ಕೊರೆದೆ. ಮೊನೆ ಕಚ್ಚಿಕೊಂಡ ಕೂಡಲೇ ನಿಲ್ಲಿಸಿದೆ. ಆ ರಾತ್ರಿ ಹೊನ್ನಾಳಿಗೆ ಹೋಗದೆ ವಾರ್ಡಿನಲ್ಲೇ ಉಳಿದೆ. ಮಾರನೆಯ ಬೆಳಿಗ್ಗೆ ಗಿರಣಿಯವರು ಎದ್ದು ಕೂತು, ಆಸ್ಪತ್ರೆಯ ಕಾಫಿಗೆ ಹಾಲೇ ಹಾಕಿಲ್ಲವೆಂದು ನರ್ಸಿನ ಜೊತೆ ದೊಡ್ಡ ದನಿಯಲ್ಲಿ ಜಗಳ ತೆಗೆದರು. ಆ ಜಗಳ ಎಷ್ಟು ಚೆನ್ನಾಗಿತ್ತೆಂದರೆ ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿದೆ.

ರೌಂಡ್ಸಿಗೆ ಸರ್ ಬಂದರು. ಹೊಸದಾಗಿ ಸೇರಿದ ರೆಸಿಡೆಂಟುಗಳು ಹಿಂದೆ ನಿಂತಿದ್ದರು. ಸರ್ ಗಿರಣಿಯವರ ತಲೆ ನೋಡಿದರು, ನನ್ನನ್ನು ನೋಡಿದರು, ಹೊಸಬರ ಕಡೆ ತಿರುಗಿದರು. "ನೋಡಿದಿರಾ? ಜೂನಿನಲ್ಲಿ ಈಕೆಗೆ ಇದೇ ಕಾರಿಡಾರಿನಲ್ಲಿ ಬೈದಿದ್ದೆ. ತಾಲ್ಲೂಕು ಸುತ್ತಿಸಿದೆ. ಈಗ ಕೈ ನೋಡಿ. ಬೈದರೆ ಕೈ ತಾನಾಗಿ ಕಲಿಯುತ್ತೆ. ಇದೇ ನನ್ನ ಮೆಥಡ್." ಹೊಸಬರಲ್ಲೊಬ್ಬಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.

ಅದುವರೆಗೂ ನನ್ನ ಸಿಟ್ಟಿಗೆ ಹೆದರಿಕೆಯ ಮುಚ್ಚಳವಿತ್ತು. ಆ ಹುಡುಗಿ ಪೆನ್ನಿನ ಕ್ಯಾಪು ಹಾಕಿದ್ದನ್ನು ನೋಡಿದ ಗಳಿಗೆಯಲ್ಲಿ ಅದು ಹಾರಿಹೋಯಿತು. ಅಬ್ಬಾನ ಬೆರಳಿನಿಂದ ಬಂದ ರಕ್ತವನ್ನು ಈ ಮನುಷ್ಯ ತನ್ನ ಬೈಗುಳದ ಖಾತೆಗೆ ಹಾಕಿಕೊಂಡಿದ್ದರು. ಮುಂದಿನ ಸಲ ಇದೇ ಹುಡುಗಿಯ ಕೈಗೆ ಬೈರಿಗೆ ಕೊಟ್ಟು ಹೊರಗೆ ಹೋಗುತ್ತಾರೆ. ಇನ್ಯಾವುದೋ ಊರಿನ ಇನ್ಯಾರದೋ ಮಾತು ಹೋಗುತ್ತದೆ. ಆಕೆಯೂ 'ರೋಗದಿಂದಲೇ' ಎಂದು ಬರೆಯುತ್ತಾಳೆ.

ಮುಂದೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ, ಯಾರ ಕನಿಕರವೂ ಬೇಡ. ಅದೇ ದಿನ ರತ್ನಮ್ಮನ ಕೇಸ್ ಶೀಟು ತರಿಸಿ ಅದರಲ್ಲಿ ನಡೆದದ್ದನ್ನು ನಡೆದಂತೆ ಬರೆದು ಸಹಿ ಹಾಕಿದೆ. ಎರಡನೆಯ ತೂತು ಕೊರೆದವಳು ನಾನು. ಬೈರಿಗೆ ಮೆದುಳಿಗೆ ಹೋಯಿತು. ಆಗ ಕಲಿಸುವವರು ಕೋಣೆಯಲ್ಲಿರಲಿಲ್ಲ. ಸರ್ ನನ್ನನ್ನು ಕರೆಸಿ ಅದನ್ನು ಹೊಡೆದುಹಾಕಲು ಹೇಳಿದರು. ಹೊಡೆದುಹಾಕಲಿಲ್ಲ. ಅವರು ನನ್ನ ಪರೀಕ್ಷೆಯ ಅರ್ಜಿಗೆ ಸಹಿ ಹಾಕಲಿಲ್ಲ, ಒಂದು ವರ್ಷ ಹೋಯಿತು. ಅವರ ನಿವೃತ್ತಿಯ ದಿನ ಶಾಲು, ಹಾರ, ಶಿಷ್ಯರ ಭಾಷಣ ಎಲ್ಲ ಆಯಿತಂತೆ, ಅವರ ಕಲಿಸುವ ರೀತಿಯನ್ನು ಹೊಗಳಿ ಬಹಳ ಜನ ಮಾತಾಡಿದರಂತೆ. ನನಗೂ ಆಹ್ವಾನ ಬಂದಿತ್ತು. ಹೋಗಲಿಲ್ಲ. ಈಗ ನಾನೂ ಬೇರೆ ಊರಿನಲ್ಲಿ ಕಲಿಸುತ್ತೇನೆ. ಕಲಿಯುವವರ ಕೈಯಲ್ಲಿ ಬೈರಿಗೆ ಇರುವಾಗ ಕೋಣೆ ಬಿಟ್ಟು ಹೋಗುವುದಿಲ್ಲ. ಇದನ್ನು ಹೇಳಿಕೊಂಡು ದೊಡ್ಡವಳಾಗುವ ಆಸೆಯಿಲ್ಲ, ಅದು ದೊಡ್ಡತನದ ವಿಷಯವೂ ಅಲ್ಲ.

ನಾನು ಹೇಳಬೇಕೆಂದು ಹೊರಟದ್ದು ಆಮೇಲಿನ ಬುಧವಾರದ ಬಗ್ಗೆ. ಮಳೆಗೆ ಅವತ್ತು ರತ್ನಮ್ಮ ನ್ಯಾಮತಿಗೆ ಬರಲಿಲ್ಲ. ಹೊರರೋಗಿಗಳೆಲ್ಲ ಮುಗಿದ ಮೇಲೆ ಮಧ್ಯಾಹ್ನದ ಬಸ್ಸು ಹಿಡಿದು ಗೋವಿನಕೋವಿಗೆ ನಾನೇ ಹೋದೆ. ಮನೆ ಕೇಳಬೇಕಾಗಿ ಬರಲಿಲ್ಲ. ಬಸ್ ಸ್ಟಾಪಿನಲ್ಲಿದ್ದವರು "ನಮ್ಮ ಟೀಚರ್ ಮನೆಗಾ?" ಎಂದು ಅವರೇ ಕೇಳಿ ದಾರಿ ತೋರಿಸಿದರು. ಜಗಲಿಯ ಮೇಲೆ ರತ್ನಮ್ಮ ಎಡಗೈಯಲ್ಲಿ ಬೆಳ್ಳುಳ್ಳಿ ಸುಲಿಯಲು ಒದ್ದಾಡುತ್ತಿದ್ದರು. ಹಾಲೇಶಪ್ಪ ಎದ್ದು ನಿಂತು, "ಅಯ್ಯೋ, ನೀವ್ಯಾಕೆ ಬರಾಕೆ ಹೋದ್ರಿ ಮೇಡಂ ಈ ಮಳ್ಯಾಗೆ" ಎಂದು ಕುರ್ಚಿ ಒರೆಸಿದರು. ನಾನು ಕೂರಲಿಲ್ಲ. ಕೂತರೆ ಮಜ್ಜಿಗೆ ಬರುತ್ತದೆ, ಮಜ್ಜಿಗೆ ಕುಡಿದರೆ ಹೇಳುವುದಕ್ಕಾಗುವುದಿಲ್ಲ. ಕೇಸ್ ಶೀಟಿನ ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಇಂಗ್ಲಿಷಿನಲ್ಲಿದ್ದದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಇದನ್ನಿಟ್ಟುಕೊಂಡು ನನ್ನ ಮೇಲೂ ಆಸ್ಪತ್ರೆಯ ಮೇಲೂ ದೂರು ಕೊಡಬಹುದು ಎಂದೂ ಹೇಳಿದೆ.

ಹಾಲೇಶಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

"ನೀವು ಒಬ್ಬರೇ ಮಾಡಿದ್ದು ಅದು ಎಷ್ಟನೇ ಸಲರೀ?"

"ಮೊದಲನೇ ಸಲ."

"ಆಮೇಲೆ ಯಾರಿಗಾದ್ರೂ ಮಾಡಿದ್ರಾ?"

"ಒಬ್ಬರಿಗೆ. ಹೋದ ಶುಕ್ರವಾರ. ಜಗಳೂರಿನವರು."

"ಅವರು ಹೆಂಗದಾರೆ?"

"ಚೆನ್ನಾಗಿದ್ದಾರೆ."

"ಮಾತಾಡ್ತಾರಾ?"

ರತ್ನಮ್ಮ ಸುಲಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. "ಮಾತಾಡ್ತಾರೆ" ಎಂದೆ.

"ಹಂಗಾರೆ ನಡುವೆ ಕಲಿತ್ರಿ ಅನ್ನಿ. ಎಲ್ಲಿ ಕಲಿತ್ರಿ?"

"ಮನೇಲಿ. ನಮ್ಮಪ್ಪ ಕಲಿಸಿದರು. ಆಡಿನ ತಲೆ ಮೇಲೆ."

"ಎಷ್ಟು ದಿನ ಹಿಡೀತು?"

"ಆರು ವಾರ."

ಹಾಲೇಶಪ್ಪ ಹೆಂಡತಿಯ ಮಡಿಲಲ್ಲಿದ್ದ ಮೊರವನ್ನು ತೆಗೆದು ಕೆಳಗಿಟ್ಟರು. ಮಡಚಿಕೊಂಡಿದ್ದ ಆ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ, ನನ್ನ ಮುಖ ನೋಡದೆ ಕೇಳಿದರು.

"ಇವಳಿಗಿಂತ ಮೊದ್ಲು ಆಡಿನ ತಲೆ ಸಿಗ್ಲಿಲ್ವೇನ್ರೀ ನಿಮ್ಮ ಕಾಲೇಜಿನೋರಿಗೆ?"

ಸಿಗುತ್ತಿತ್ತು. ಕಾಲೇಜಿನ ಗೇಟಿನ ಎದುರಿನ ಅಂಗಡಿಯಲ್ಲೇ, ವಾರದ ಏಳೂ ದಿನ ಸಿಗುತ್ತಿತ್ತು.